ಅರೇಖೀಯ ವ್ಯವಸ್ಥೆಗಳಲ್ಲಿ ಕೇಯಾಸ್, ಸ್ಥಿರತೆ ಮತ್ತು ನಿಯಂತ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ಷೇತ್ರದ ಸಂಶೋಧನೆಯನ್ನು ಹೊಸದಾಗಿ ಓದಲು ತೊಡಗಿದ ವಿದ್ಯಾರ್ಥಿಗಳು, ಎಂಜಿನಿಯರುಗಳು ಮತ್ತು ವಿಜ್ಞಾನಾಸಕ್ತರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಪದವಿ ಮಟ್ಟದ ಕಲನಶಾಸ್ತ್ರದ ಪರಿಚಯವಿದ್ದರೆ ಸಾಕು. ಸಮೀಕರಣಗಳನ್ನು ಆದಷ್ಟೂ ಮಾತಿನಲ್ಲಿಯೇ ಹೇಳಲಾಗಿದೆ.

ಪ್ರಶ್ನೆ: ಒಂದು ವ್ಯವಸ್ಥೆಯನ್ನು ಅರೇಖೀಯ ಎಂದು ಕರೆಯುವುದು ಯಾವಾಗ?

ಎರಡು ಪರಿಹಾರಗಳನ್ನು ಕೂಡಿಸಿದಾಗ ಬರುವುದು ಮತ್ತೆ ಪರಿಹಾರವೇ ಆಗಿರುತ್ತದೆ ಎಂಬ ಭರವಸೆ ಇಲ್ಲದಿದ್ದಾಗ. ಸರಳ ಲೋಲಕವನ್ನೇ ನೋಡಿ. ಅದು ಸಣ್ಣ ಕೋನದಲ್ಲಿ ತೂಗುವಾಗ ಆವರ್ತನ ಕಾಲವು ತೂಗಾಟದ ವಿಸ್ತಾರವನ್ನು ಅವಲಂಬಿಸುವುದಿಲ್ಲವೆಂದು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಅದನ್ನು 90 ಡಿಗ್ರಿಗೆ ಎತ್ತಿ ಬಿಟ್ಟರೆ ಆವರ್ತನ ಕಾಲವು ಆ ಸೂತ್ರ ಕೊಡುವ ಬೆಲೆಗಿಂತ ಸುಮಾರು 18 ಪ್ರತಿಶತ ಹೆಚ್ಚಿರುತ್ತದೆ. ಇನ್ನೂ ಮುಖ್ಯವಾದ ವ್ಯತ್ಯಾಸವೆಂದರೆ, ರೇಖೀಯ ಮಾದರಿಗೆ ಕೆಳಗೆ ತೂಗುವ ಒಂದೇ ಸಮತೋಲನ ಬಿಂದು ಗೊತ್ತು, ನಿಜವಾದ ಲೋಲಕಕ್ಕೆ ತಲೆಕೆಳಗಾಗಿ ನಿಲ್ಲುವ ಇನ್ನೊಂದು ಸಮತೋಲನವೂ ಉಂಟು. ಅರೇಖೀಯ ವ್ಯವಸ್ಥೆಗಳಲ್ಲಿ ಇಂತಹ ಹಲವು ಸಮತೋಲನಗಳು, ತಮ್ಮಷ್ಟಕ್ಕೆ ಸುತ್ತುವ ಆವರ್ತ ಪಥಗಳು ಮತ್ತು ಕೇಯಾಸ್ ಒಟ್ಟೊಟ್ಟಿಗೆ ಇರಬಲ್ಲವು.

ಪ್ರಶ್ನೆ: ಕೇಯಾಸ್ ಎಂದರೆ ಯಾದೃಚ್ಛಿಕತೆಯೇ?

ಅಲ್ಲ. ಕೇಯಾಸ್ ಇರುವ ವ್ಯವಸ್ಥೆಯಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಇಂದಿನ ಸ್ಥಿತಿ ಪೂರ್ತಿ ಗೊತ್ತಿದ್ದರೆ ಮುಂದಿನದೆಲ್ಲವೂ ನಿಯಮದಿಂದಲೇ ನಿರ್ಧಾರವಾಗುತ್ತದೆ. ತೊಡಕು ಇರುವುದು 'ಪೂರ್ತಿ' ಎಂಬಲ್ಲಿ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಕಂಪ್ಯೂಟರ್ ಮಾದರಿಯ ಒಂದು ಓಟವನ್ನು ನಡುವಿನಿಂದ ಮತ್ತೆ ನಡೆಸಲು ಹೋದಾಗ, ಯಂತ್ರದೊಳಗೆ 0.506127 ಎಂದಿದ್ದ ಸಂಖ್ಯೆಯನ್ನು ಮುದ್ರಿತ ಹಾಳೆಯಲ್ಲಿದ್ದಂತೆ 0.506 ಎಂದು ಕೊಟ್ಟರು. ಎರಡು ಓಟಗಳು ಸ್ವಲ್ಪ ಕಾಲ ಜೊತೆಯಾಗಿ ಸಾಗಿ, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಅವರು 1963ರಲ್ಲಿ ಪ್ರಕಟಿಸಿದ ಮೂರು ಅವಕಲ ಸಮೀಕರಣಗಳ ವ್ಯವಸ್ಥೆ ಇಂದಿಗೂ ಈ ಕ್ಷೇತ್ರದ ಮೊದಲ ಪಾಠವಾಗಿದೆ.

ಆರಂಭಿಕ ಸ್ಥಿತಿಯ ಬಗೆಗಿನ ಈ ಸೂಕ್ಷ್ಮತೆಯೊಂದೇ ಕೇಯಾಸ್‌ಗೆ ಸಾಲದು ಎಂಬುದನ್ನು ಒತ್ತಿ ಹೇಳಬೇಕು. ಪ್ರತಿ ಹೆಜ್ಜೆಗೂ ಇಮ್ಮಡಿಯಾಗುವ ಸಂಖ್ಯೆಯಲ್ಲೂ ಆರಂಭದ ದೋಷ ಇಮ್ಮಡಿಯಾಗುತ್ತಲೇ ಹೋಗುತ್ತದೆ, ಆದರೆ ಅದು ಅನಂತದತ್ತ ಓಡಿಹೋಗುತ್ತದೆಯೇ ಹೊರತು ಅದರಲ್ಲಿ ಕೇಯಾಸ್ ಇಲ್ಲ. ಪಥಗಳು ಒಂದರಿಂದೊಂದು ದೂರ ಸರಿಯುತ್ತಲೇ ಮಿತಿಯಾದ ಪ್ರದೇಶದೊಳಗೆ ಮಡಚಿಕೊಂಡು ಹಿಂತಿರುಗಬೇಕು. ಹಿಗ್ಗುವಿಕೆ ಮತ್ತು ಮಡಚುವಿಕೆ ಎರಡೂ ಸೇರಿದಾಗ ಮಾತ್ರ ಕೇಯಾಸ್ ಹುಟ್ಟುತ್ತದೆ.

ಪ್ರಶ್ನೆ: ಲ್ಯಾಪುನೋವ್ ಘಾತಾಂಕ ಏನನ್ನು ಅಳೆಯುತ್ತದೆ?

ಅಕ್ಕಪಕ್ಕದ ಎರಡು ಪಥಗಳ ನಡುವಿನ ಅಂತರವು ಸರಾಸರಿ ಯಾವ ಘಾತೀಯ ದರದಲ್ಲಿ ಬೆಳೆಯುತ್ತದೆ ಎಂಬುದನ್ನು. ಲೊರೆಂಜ್ ಬಳಸಿದ 10, 28 ಮತ್ತು 8/3 ಎಂಬ ನಿಯತಾಂಕಗಳಿಗೆ ಅತಿ ದೊಡ್ಡ ಘಾತಾಂಕ ಸುಮಾರು 0.906, ಅಂದರೆ ಸುಮಾರು 2.5 ಕಾಲಮಾನಕ್ಕೊಮ್ಮೆ (ಆ ಸಮೀಕರಣಗಳ ಕಾಲದ ಏಕಮಾನದಲ್ಲಿ) ದೋಷವು ಹತ್ತು ಪಟ್ಟಾಗುತ್ತದೆ. ಇದರ ಪ್ರಾಯೋಗಿಕ ಅರ್ಥ ಕಠೋರವಾದದ್ದು. ಅಳತೆಯ ನಿಖರತೆಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಮುನ್ಸೂಚನೆಯ ಅವಧಿ ಹತ್ತು ಪಟ್ಟಾಗುವುದಿಲ್ಲ, ಅದೇ 2.5 ಕಾಲಮಾನದಷ್ಟು ಮಾತ್ರ ಮುಂದಕ್ಕೆ ಹೋಗುತ್ತದೆ.

ಪ್ರಶ್ನೆ: ಸ್ಥಿರತೆ ಎಂದರೆ ವ್ಯವಸ್ಥೆ ಕೊನೆಗೆ ಶಾಂತವಾಗುವುದು ಎಂದೇ ಅರ್ಥವೇ?

ಹೆಚ್ಚಿನ ಗೊಂದಲಗಳು ಹುಟ್ಟುವುದು ಇಲ್ಲಿಂದಲೇ. ಅಲೆಕ್ಸಾಂಡರ್ ಲ್ಯಾಪುನೋವ್ 1892ರ ತಮ್ಮ ಪ್ರಬಂಧದಲ್ಲಿ ಕೊಟ್ಟ ಅರ್ಥದಲ್ಲಿ, ಸಮತೋಲನದ ಹತ್ತಿರ ಆರಂಭವಾದ ಪಥಗಳೆಲ್ಲವೂ ಎಂದೆಂದಿಗೂ ಅದರ ಹತ್ತಿರವೇ ಉಳಿದರೆ ಆ ಸಮತೋಲನ ಸ್ಥಿರ. ಉಳಿಯುವುದಷ್ಟೇ ಅಲ್ಲದೆ ಕಾಲಕ್ರಮದಲ್ಲಿ ಅಲ್ಲಿಗೇ ಬಂದು ಸೇರಿದರೆ ಅದು ಉಪಗಾಮಿ ಸ್ಥಿರತೆ. ಘರ್ಷಣೆ ಇಲ್ಲದ ಲೋಲಕ ಎಂದಿಗೂ ನಿಲ್ಲುವುದಿಲ್ಲವಾದರೂ ಅದರ ಕೆಳಗಿನ ಸಮತೋಲನ ಮೊದಲ ಅರ್ಥದಲ್ಲಿ ಸ್ಥಿರವೇ ಆಗಿದೆ.

ಇದರ ವಿರುದ್ಧ ದಿಕ್ಕಿನ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ವೃತ್ತದ ಮೇಲೆ ಚಲಿಸುವ ಒಂದು ಬಿಂದುವಿನ ಕೋನವೇಗವು '1 − ಕೊಸೈನ್ ಥೀಟಾ' ಆಗಿರಲಿ. ಥೀಟಾ ಸೊನ್ನೆಯಾದಾಗ ವೇಗವೂ ಸೊನ್ನೆ, ಉಳಿದೆಡೆ ವೇಗ ಯಾವಾಗಲೂ ಧನಾತ್ಮಕ. ಆದ್ದರಿಂದ ಎಲ್ಲಿ ಆರಂಭಿಸಿದರೂ ಬಿಂದು ಕೊನೆಗೆ ಸೊನ್ನೆಯನ್ನೇ ಸಮೀಪಿಸುತ್ತದೆ. ಆದರೆ ಸೊನ್ನೆಗಿಂತ ಕೂದಲೆಳೆಯಷ್ಟು ಮುಂದೆ ಆರಂಭಿಸಿದ ಬಿಂದು ಇಡೀ ವೃತ್ತವನ್ನು ಸುತ್ತಿಕೊಂಡೇ ಬರಬೇಕು. ಎಲ್ಲ ಪಥಗಳೂ ಬಂದು ಸೇರುವ ಈ ಬಿಂದು ಲ್ಯಾಪುನೋವ್ ಅರ್ಥದಲ್ಲಿ ಸ್ಥಿರವಲ್ಲ. 'ಕೊನೆಗೆ ಸರಿಹೋಗುತ್ತದೆ' ಎಂಬ ಭರವಸೆಗೂ 'ನಡುವೆ ಎಲ್ಲಿಯೂ ಕೈಮೀರುವುದಿಲ್ಲ' ಎಂಬ ಭರವಸೆಗೂ ಇರುವ ಅಂತರ ಇದು, ಮತ್ತು ವಿಮಾನವನ್ನೋ ವಿದ್ಯುತ್ ಜಾಲವನ್ನೋ ನಡೆಸುವವರಿಗೆ ಎರಡನೆಯದೇ ಹೆಚ್ಚು ಬೇಕಾಗುತ್ತದೆ.

ಪ್ರಶ್ನೆ: ಹಾಗಾದರೆ ಕೇಯಾಸ್ ಇರುವ ವ್ಯವಸ್ಥೆ ಅಸ್ಥಿರ ತಾನೆ?

ಯಾವುದರ ಸ್ಥಿರತೆಯನ್ನು ಕೇಳುತ್ತಿದ್ದೇವೆ ಎಂಬುದನ್ನು ಮೊದಲು ಹೇಳದ ಹೊರತು ಈ ಪ್ರಶ್ನೆಗೆ ಉತ್ತರವಿಲ್ಲ. ಲೊರೆಂಜ್ ವ್ಯವಸ್ಥೆಯಲ್ಲಿ ಆರಂಭಿಕ ಸ್ಥಿತಿಗಳ ಯಾವುದೇ ಗಾತ್ರವೂ ಒಂದು ಕಾಲಮಾನದಲ್ಲಿ ಹತ್ತು ಲಕ್ಷದಲ್ಲಿ ಸುಮಾರು ಒಂದು ಭಾಗಕ್ಕೆ ಕುಗ್ಗುತ್ತದೆ. ಹೊರಗಿನ ಪಥಗಳೆಲ್ಲವೂ ಒಂದು ದೀರ್ಘವೃತ್ತಜದೊಳಗೆ ಬಂದು ಸಿಕ್ಕಿಕೊಂಡು ಮತ್ತೆ ಹೊರಬರುವುದಿಲ್ಲ ಎಂಬುದನ್ನು ಲ್ಯಾಪುನೋವ್ ಅವರ ವಿಧಾನದಿಂದಲೇ ತೋರಿಸಬಹುದು. ಪಥಗಳು ಕೊನೆಗೆ ಬಂದು ನೆಲೆಸುವ ಬಿಂದುಗಳ ಗಣವನ್ನು ಆಕರ್ಷಕ ಎನ್ನುತ್ತಾರೆ. ಲೊರೆಂಜ್ ಆಕರ್ಷಕವು ಒಂದು ಗಣವಾಗಿ ಪಥಗಳನ್ನು ತನ್ನೆಡೆಗೆ ಸೆಳೆದು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದರ ಮೇಲಿನ ಪ್ರತಿಯೊಂದು ಪಥವೂ ಅಸ್ಥಿರ. ಲೇಖನವೊಂದು 'ವ್ಯವಸ್ಥೆ ಸ್ಥಿರ' ಎಂದಷ್ಟೇ ಹೇಳಿ, ಯಾವ ಬಿಂದು, ಯಾವ ಪಥ ಅಥವಾ ಯಾವ ಗಣ ಎಂಬುದನ್ನು ಹೇಳದಿದ್ದರೆ ಆ ವಾಕ್ಯವನ್ನು ನಂಬದಿರುವುದೇ ಲೇಸು.

ಪ್ರಶ್ನೆ: ಸೌರಮಂಡಲ ಸ್ಥಿರವೇ, ಕೇಯಾಸ್‌ಗೆ ಒಳಗಾಗಿದೆಯೇ?

ಮೂರು ಕಾಯಗಳ ಸಮಸ್ಯೆಯ ಮೇಲೆ ಹೆನ್ರಿ ಪ್ವಾಂಕರೆ 1890ರಲ್ಲಿ ಪ್ರಕಟಿಸಿದ ಕೃತಿಯಿಂದಲೇ ಈ ಇಡೀ ಕ್ಷೇತ್ರದ ಬೇರು ಹೊರಟಿದೆ. ಒಳಗಿನ ಗ್ರಹಗಳ ಚಲನೆಯಲ್ಲಿ ಕೇಯಾಸ್ ಇದೆಯೆಂದು ಜಾಕ್ ಲಾಸ್ಕರ್ 1989ರಲ್ಲಿ ತೋರಿಸಿದರು. ಅಲ್ಲಿ ದೋಷ ಬೆಳೆಯುವ ಕಾಲಮಾನ ಸುಮಾರು 50 ಲಕ್ಷ ವರ್ಷ. ಇಂದು ಭೂಮಿಯ ಸ್ಥಾನದಲ್ಲಿ 15 ಮೀಟರ್ ತಪ್ಪಿದ್ದರೆ ಒಂದು ಕೋಟಿ ವರ್ಷಗಳಲ್ಲಿ ಅದು 150 ಮೀಟರ್ ಮಾತ್ರ, ಆದರೆ ಹತ್ತು ಕೋಟಿ ವರ್ಷಗಳಲ್ಲಿ ಸುಮಾರು 15 ಕೋಟಿ ಕಿಲೋಮೀಟರ್. ಹಾಗೆಂದು ಗ್ರಹಗಳು ಚದುರಿಹೋಗುತ್ತವೆ ಎಂದಲ್ಲ. 2009ರಲ್ಲಿ ಲಾಸ್ಕರ್ ಮತ್ತು ಗ್ಯಾಸ್ತಿನೊ 500 ಕೋಟಿ ವರ್ಷಗಳಿಗೆ ನಡೆಸಿದ 2501 ಗಣನೆಗಳಲ್ಲಿ ಸುಮಾರು ಒಂದು ಪ್ರತಿಶತದಲ್ಲಿ ಮಾತ್ರ ಬುಧನ ಕಕ್ಷೆ ಅಪಾಯವೆನಿಸುವಷ್ಟು ಉದ್ದವಾಯಿತು. ಗ್ರಹ ಕಕ್ಷೆಯ ಯಾವ ಜಾಗದಲ್ಲಿರುತ್ತದೆ ಎಂಬುದು ಅಸ್ಥಿರ, ಕಕ್ಷೆಯ ಆಕಾರ ಮಾತ್ರ ಬಹುಪಾಲು ಉಳಿದುಬರುತ್ತದೆ.

ಪ್ರಶ್ನೆ: ಸಮತೋಲನದ ಸುತ್ತ ರೇಖೀಯಗೊಳಿಸಿ ಐಗನ್ ಮೌಲ್ಯಗಳನ್ನು ನೋಡಿದರೆ ಸಾಲದೇ?

ರೇಖೀಯಗೊಳಿಸುವುದೆಂದರೆ ಸಮತೋಲನದ ಹತ್ತಿರ ವ್ಯವಸ್ಥೆಯನ್ನು ಸರಳ ರೇಖೀಯ ಮಾದರಿಯಿಂದ ಅಂದಾಜಿಸುವುದು; ಆ ಮಾದರಿಯಲ್ಲಿ ವಿಚಲನೆಗಳು ಬೆಳೆಯುವ ಅಥವಾ ಕುಗ್ಗುವ ದರಗಳನ್ನು ಅದರ ಐಗನ್ ಮೌಲ್ಯಗಳು ಹೇಳುತ್ತವೆ. ಕಾಲದೊಂದಿಗೆ ಬದಲಾಗದ ಸಮೀಕರಣಗಳಿಗೆ, ಯಾವ ಐಗನ್ ಮೌಲ್ಯದ ನೈಜ ಭಾಗವೂ ಸೊನ್ನೆಯಾಗಿರದಿದ್ದರೆ, ಸಮತೋಲನದ ತೀರ ಹತ್ತಿರದಲ್ಲಿ ಸಾಕು. ಆ 'ತೀರ ಹತ್ತಿರ' ಎಷ್ಟು ಎಂಬುದನ್ನು ಐಗನ್ ಮೌಲ್ಯ ಹೇಳುವುದಿಲ್ಲ. ಗುಣಾಂಕಗಳು ಕಾಲದೊಂದಿಗೆ ಬದಲಾಗುವಲ್ಲಿ ಅಷ್ಟೂ ಭರವಸೆಯಿಲ್ಲ: 1960ರಲ್ಲಿ ಮಾರ್ಕಸ್ ಮತ್ತು ಯಮಾಬೆ ಕೊಟ್ಟ ಎರಡು ಚರಗಳ ಉದಾಹರಣೆಯಲ್ಲಿ ಪ್ರತಿ ಕ್ಷಣವೂ ಐಗನ್ ಮೌಲ್ಯಗಳ ನೈಜ ಭಾಗ −1/4 ಆಗಿಯೇ ಇದ್ದರೂ ಪರಿಹಾರ ಘಾತೀಯವಾಗಿ ಬೆಳೆಯುತ್ತದೆ.

ಪ್ರಶ್ನೆ: ಲ್ಯಾಪುನೋವ್ ಫಂಕ್ಷನ್ ಹುಡುಕಲು ನಿಯತ ವಿಧಾನವಿದೆಯೇ?

ಲ್ಯಾಪುನೋವ್ ಫಂಕ್ಷನ್ ಎಂದರೆ ಸಮತೋಲನದಲ್ಲಿ ಕನಿಷ್ಠವಾಗಿದ್ದು, ಪಥದ ಉದ್ದಕ್ಕೂ ಏರದೆ ಇರುವ, ಶಕ್ತಿಯಂತಹ ಒಂದು ಪರಿಮಾಣ. ಅದನ್ನು ಹುಡುಕಲು ಎಲ್ಲಕ್ಕೂ ಹೊಂದುವ ವಿಧಾನವಿಲ್ಲ. ಯಾಂತ್ರಿಕ ವ್ಯವಸ್ಥೆಯಲ್ಲಿ ಒಟ್ಟು ಶಕ್ತಿಯೇ ಮೊದಲ ಊಹೆ. ಪಥದ ಉದ್ದಕ್ಕೂ ಅದು ಇಳಿಯುತ್ತಲೇ ಹೋದರೆ ಸಮೀಕರಣವನ್ನು ಬಿಡಿಸದೆಯೇ ಸ್ಥಿರತೆ ಸಾಬೀತಾಗುತ್ತದೆ. ಬಹುಪದಗಳಿಂದಾದ ವ್ಯವಸ್ಥೆಗಳಿಗೆ ವರ್ಗಗಳ ಮೊತ್ತದ ರೂಪದಲ್ಲಿ ಅದನ್ನು ಕಂಪ್ಯೂಟರಿನಿಂದ ಹುಡುಕಿಸುವ ವಿಧಾನಗಳು 2000ದ ಆಸುಪಾಸಿನಿಂದ ಬೆಳೆದಿವೆ. ಚರಗಳ ಸಂಖ್ಯೆ ಹೆಚ್ಚಿದಂತೆ ಗಣನೆಯ ಹೊರೆ ಬಹುಬೇಗ ಮಿತಿಮೀರುತ್ತದೆ.

ಪ್ರಶ್ನೆ: ಅರೇಖೀಯತೆಯನ್ನು ನಿಯಂತ್ರಕದಿಂದಲೇ ರದ್ದುಮಾಡಿಬಿಡಬಹುದಲ್ಲವೇ?

ಕಾಗದದ ಮೇಲೆ ಮಾಡಬಹುದು. ಎಕ್ಸ್‌ನ ಬದಲಾವಣೆಯ ದರವು ಎಕ್ಸ್‌ನ ಘನ ಮತ್ತು ನಿಯಂತ್ರಣ ಇವೆರಡರ ಮೊತ್ತವಾಗಿರುವ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ನಿಯಂತ್ರಣವನ್ನು ಎಕ್ಸ್‌ನ −4 ಪಟ್ಟು ಇಟ್ಟರೆ ಸೊನ್ನೆ ಸ್ಥಿರವಾಗುತ್ತದೆ, ಆದರೆ ಎಕ್ಸ್ −2 ಮತ್ತು 2ರ ನಡುವೆ ಇದ್ದಾಗ ಮಾತ್ರ. ಆ ಗಡಿಯಾಚೆ ಆರಂಭಿಸಿದರೆ ಘನದ ಪದವೇ ಗೆದ್ದು, ಪರಿಮಿತ ಕಾಲದಲ್ಲಿಯೇ ಎಕ್ಸ್ ಅನಂತಕ್ಕೆ ಓಡುತ್ತದೆ. ಇದರ ಬದಲು ಘನವನ್ನು ಪೂರ್ತಿ ಕಳೆದು, ಜೊತೆಗೆ ಎಕ್ಸ್ ಅನ್ನೂ ಕಳೆದರೆ ಎಲ್ಲಿಂದ ಆರಂಭಿಸಿದರೂ ಪಥ ಸೊನ್ನೆಗೆ ಬರುತ್ತದೆ. ಈಗ ನಮ್ಮ ಮಾದರಿಯ ಗುಣಾಂಕ ಹತ್ತು ಪ್ರತಿಶತ ಕಡಿಮೆಯಿತ್ತು ಎಂದಿಟ್ಟುಕೊಳ್ಳಿ. ಘನದ 0.1 ಭಾಗ ರದ್ದಾಗದೆ ಉಳಿಯುತ್ತದೆ, ಮತ್ತು 'ಎಲ್ಲಿಂದಲಾದರೂ' ಎಂಬ ಭರವಸೆ ಸುಮಾರು 3.16ರ ಗಡಿಯೊಳಗೆ ಕುಸಿಯುತ್ತದೆ. ಸ್ಲೈಡಿಂಗ್ ಮೋಡ್, ಬ್ಯಾಕ್‌ಸ್ಟೆಪಿಂಗ್, ಹೊಂದಿಕೊಳ್ಳುವ ನಿಯಂತ್ರಣ ಮುಂತಾದ ವಿಧಾನಗಳಲ್ಲಿ ಇಷ್ಟೊಂದು ಸಂಶೋಧನೆ ನಡೆದಿರುವುದಕ್ಕೆ ಒಂದು ಮುಖ್ಯ ಕಾರಣ ಈ ಸಣ್ಣ ಲೆಕ್ಕದಲ್ಲಿಯೇ ಕಾಣುತ್ತದೆ.

ಪ್ರಶ್ನೆ: ಕೇಯಾಸ್ ಅನ್ನು ನಿಯಂತ್ರಿಸುವುದು ಎಂದರೆ ಅದನ್ನು ಬಲವಂತವಾಗಿ ಅಡಗಿಸುವುದೇ?

ಬಲವಂತದಿಂದ ಅಡಗಿಸುವುದೂ ಸಾಧ್ಯ, ಆದರೆ ಅದರಲ್ಲಿ ಹೊಸತೇನಿಲ್ಲ. 1990ರಲ್ಲಿ ಆಟ್, ಗ್ರೆಬೋಗಿ ಮತ್ತು ಯಾರ್ಕ್ ಮುಂದಿಟ್ಟ ವಿಚಾರ ಇದಕ್ಕಿಂತ ಜಾಣತನದ್ದು. ಕೇಯಾಸ್‌ನ ಆಕರ್ಷಕದೊಳಗೆ ಎಣಿಕೆಯಿಲ್ಲದಷ್ಟು ಅಸ್ಥಿರ ಆವರ್ತ ಪಥಗಳು ಹುದುಗಿವೆ. ವ್ಯವಸ್ಥೆ ಅಲೆದಾಡುತ್ತ ಇಂದಲ್ಲ ನಾಳೆ ಅವುಗಳಲ್ಲಿ ಬೇಕಾದುದರ ಹತ್ತಿರ ತಾನಾಗಿಯೇ ಬರುತ್ತದೆ. ಬಂದಾಗ ನಿಯತಾಂಕವನ್ನು ಚೂರೇ ಚೂರು ಬದಲಿಸಿ ಅದನ್ನು ಅಲ್ಲಿಯೇ ಹಿಡಿದಿಡಬೇಕು. ಸೂಕ್ಷ್ಮತೆಯೇ ಇಲ್ಲಿ ನಿಯಂತ್ರಕನ ಸನ್ನೆಗೋಲು.

ಕೈಲೆಕ್ಕದಲ್ಲಿಯೇ ಇದನ್ನು ನೋಡಬಹುದು. ಲಾಜಿಸ್ಟಿಕ್ ಮ್ಯಾಪ್‌ನಲ್ಲಿ ಮುಂದಿನ ಎಕ್ಸ್ ಎಂದರೆ ಆರ್ × ಎಕ್ಸ್ × (1 − ಎಕ್ಸ್). ಆರ್ 4 ಆದಾಗ ಅಲ್ಲಿ ಪೂರ್ಣ ಕೇಯಾಸ್ ಇದೆ, 0.75 ಎಂಬುದು ಅಸ್ಥಿರ ಸ್ಥಿರಬಿಂದು, ಅಲ್ಲಿನ ಇಳಿಜಾರು −2. ಅಂದರೆ 0.75ರಿಂದ ಆದ ವಿಚಲನೆ ಪ್ರತಿ ಹೆಜ್ಜೆಗೂ ದಿಕ್ಕು ಬದಲಿಸಿ ಇಮ್ಮಡಿಯಾಗುತ್ತದೆ. ಆರ್ ಅನ್ನು ಒಂದಿಷ್ಟು ಬದಲಿಸಿದರೆ ಮುಂದಿನ ಎಕ್ಸ್ ಅದರ 0.1875 ಪಟ್ಟು ಬದಲಾಗುತ್ತದೆ. ಇವೆರಡೂ ಒಂದನ್ನೊಂದು ಹೊಡೆದುಹಾಕಬೇಕಾದರೆ ಆರ್‌ನಲ್ಲಿನ ಬದಲಾವಣೆ ವಿಚಲನೆಯ 10.67 ಪಟ್ಟು ಇರಬೇಕು. ಎಕ್ಸ್ ಅಲೆದಾಡುತ್ತ 0.74ಕ್ಕೆ ಬಂದಿದೆ ಎನ್ನೋಣ. ಸುಮ್ಮನೆ ಬಿಟ್ಟರೆ ಅದರ ಮುಂದಿನ ಬೆಲೆ 0.7696. ಒಂದೇ ಹೆಜ್ಜೆಯ ಮಟ್ಟಿಗೆ ಆರ್ ಅನ್ನು 3.8933ಕ್ಕೆ ಇಳಿಸಿದರೆ 0.7491, ಅದರ ಮುಂದಿನ ಹೆಜ್ಜೆಗೆ ಆರ್ 3.99ರಷ್ಟಿದ್ದರೆ ಸಾಕು, ಎಕ್ಸ್ 0.75ಕ್ಕೆ ನಾಲ್ಕು ದಶಮಾಂಶಗಳವರೆಗೆ ಬಂದು ಸೇರುತ್ತದೆ. ಬಿಂದುವಿನಲ್ಲಿ ನೆಲೆನಿಂತ ಮೇಲೆ ನಿಯಂತ್ರಣಕ್ಕೆ ಬೇಕಾದ ಬಲ ಸೊನ್ನೆಗೆ ಇಳಿಯುತ್ತದೆ, ಗದ್ದಲದಿಂದ (ಯಾದೃಚ್ಛಿಕ ಏರುಪೇರುಗಳಿಂದ) ಬರುವ ಅಲುಗಾಟಗಳನ್ನು ಸರಿಪಡಿಸುವಷ್ಟು ಮಾತ್ರ ಉಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಕಾಯುವಿಕೆ. ಈ ಮ್ಯಾಪ್‌ನಲ್ಲಿ ಎಕ್ಸ್ 0.74 ಮತ್ತು 0.76ರ ನಡುವೆ ಕಳೆಯುವುದು ಒಟ್ಟು ಹೆಜ್ಜೆಗಳ ಸುಮಾರು 1.5 ಪ್ರತಿಶತ ಮಾತ್ರ, ಹಾಗಾಗಿ ಸರಾಸರಿ 70ರ ಆಸುಪಾಸಿನ ಹೆಜ್ಜೆಗಳವರೆಗೆ ಸುಮ್ಮನೆ ನೋಡುತ್ತಿರಬೇಕು. ಅನುಮತಿಸುವ ತಳ್ಳುವಿಕೆಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಕಾಯುವ ಅವಧಿ ಹತ್ತು ಪಟ್ಟಾಗುತ್ತದೆ. ಕಾಯಲು ಸಮಯವಿಲ್ಲದಿದ್ದಲ್ಲಿ ಇದೇ ಸೂಕ್ಷ್ಮತೆಯನ್ನು ಬಳಸಿ ಪಥವನ್ನು ಬೇಗ ಗುರಿಯತ್ತ ತಿರುಗಿಸುವ ವಿಧಾನಗಳೂ ಇವೆ.

ಪ್ರಶ್ನೆ: ಮಾದರಿಯೇ ಗೊತ್ತಿಲ್ಲದಿದ್ದರೆ?

1992ರಲ್ಲಿ ಪೈರಾಗಸ್ ಸೂಚಿಸಿದ ವಿಳಂಬ ಫೀಡ್‌ಬ್ಯಾಕ್ ಇದಕ್ಕಾಗಿಯೇ ಇದೆ: ಈಗಿನ ಸಂಕೇತಕ್ಕೂ ಒಂದು ಆವರ್ತನ ಕಾಲದ ಹಿಂದಿನ ಸಂಕೇತಕ್ಕೂ ಇರುವ ವ್ಯತ್ಯಾಸವನ್ನು ನಿಯಂತ್ರಣವಾಗಿ ಹಿಂದಿರುಗಿಸಬೇಕು. ಬೇಕಾದ ಪಥದ ಮೇಲೆ ಆ ವ್ಯತ್ಯಾಸ ತಾನಾಗಿಯೇ ಸೊನ್ನೆಯಾಗುತ್ತದೆ. ಪಥದ ಆವರ್ತನ ಕಾಲವೊಂದು ಗೊತ್ತಿದ್ದರೆ ಸಾಕಾಗುವುದರಿಂದ ಪ್ರಯೋಗಾಲಯಗಳಲ್ಲಿ ಈ ವಿಧಾನ ಬೇಗ ನೆಲೆಯೂರಿತು. ಕೆಲವು ಬಗೆಯ ಅಸ್ಥಿರ ಪಥಗಳನ್ನು ಇದರಿಂದ ಎಂದಿಗೂ ಹಿಡಿಯಲಾಗದು ಎಂಬ 'ಬೆಸ ಸಂಖ್ಯೆಯ ಮಿತಿ' ಎಲ್ಲ ವ್ಯವಸ್ಥೆಗಳಿಗೂ ಅನ್ವಯಿಸುತ್ತದೆಂದು ಹಲವು ವರ್ಷ ನಂಬಲಾಗಿತ್ತು. ಹೊರಗಿನ ಕಾಲಬದ್ಧ ಒತ್ತಡವಿಲ್ಲದ ವ್ಯವಸ್ಥೆಗಳಿಗೆ ಅದು ಹಾಗೆಯೇ ಅನ್ವಯಿಸುವುದಿಲ್ಲ ಎಂದು 2007ರಲ್ಲಿ ಫೀಡ್ಲರ್ ಮತ್ತು ಸಂಗಡಿಗರು ಪ್ರತ್ಯುದಾಹರಣೆಯಿಂದ ತೋರಿಸಿದರು.

ಪ್ರಶ್ನೆ: ಅಳತೆಯೇ ಇಲ್ಲದೆ, ಫೀಡ್‌ಬ್ಯಾಕ್ ಇಲ್ಲದೆ ಸ್ಥಿರಗೊಳಿಸಬಹುದೇ?

ಕೆಲವೊಮ್ಮೆ ಸಾಧ್ಯ. ತಲೆಕೆಳಗಾದ ಲೋಲಕದ ಆಧಾರವನ್ನು ಮೇಲೆ ಕೆಳಗೆ ವೇಗವಾಗಿ ಕಂಪಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ. 1951ರಲ್ಲಿ ಪ್ಯೋತ್ರ್ ಕಪಿತ್ಸ ಇದನ್ನು ಸ್ಪಷ್ಟವಾಗಿ ವಿವರಿಸಿದರು. 20 ಸೆಂಟಿಮೀಟರ್ ಉದ್ದದ ಸರಳ ಲೋಲಕಕ್ಕೆ ಒಂದು ಸೆಂಟಿಮೀಟರ್ ವಿಸ್ತಾರದ ಕಂಪನ ಕೊಟ್ಟರೆ ಸೆಕೆಂಡಿಗೆ ಸುಮಾರು 32 ಬಾರಿಗಿಂತ ಹೆಚ್ಚು ಆವರ್ತನ ಬೇಕಾಗುತ್ತದೆ.

ಪ್ರಶ್ನೆ: ಇದೆಲ್ಲ ಪ್ರಾಯೋಗಿಕವಾಗಿ ಎಲ್ಲಿ ಕೆಲಸ ಮಾಡಿದೆ?

1990ರಲ್ಲಿಯೇ ಡಿಟ್ಟೊ, ರಾಸಿಯೊ ಮತ್ತು ಸ್ಪಾನೊ ಕಾಂತಕ್ಷೇತ್ರದಲ್ಲಿ ಬಾಗುವ ಲೋಹದ ಪಟ್ಟಿಯೊಂದರ ಕೇಯಾಸ್ ಅನ್ನು ಆಟ್, ಗ್ರೆಬೋಗಿ ಮತ್ತು ಯಾರ್ಕ್ ಅವರ ವಿಧಾನದಿಂದ ಹಿಡಿದಿಟ್ಟರು. 1992ರಲ್ಲಿ ಲೇಸರ್ ಮತ್ತು ಮೊಲದ ಹೃದಯದ ಅಂಗಾಂಶದ ಪ್ರಯೋಗಗಳು ಬಂದವು. ಹೃದಯದ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಒಂದು ತುಣುಕು ಅಂಗಾಂಶದಲ್ಲಿ ಕೆಲಸ ಮಾಡಿದ್ದು ಇಡೀ ಹೃದಯದಲ್ಲಿ ಅಲೆಗಳು ಹರಡುವಾಗ ಕೆಲಸ ಮಾಡಬೇಕೆಂದೇನಿಲ್ಲ. ಬಾಹ್ಯಾಕಾಶದಲ್ಲಿ ಫಲ ಹೆಚ್ಚು ಸ್ಪಷ್ಟವಾಗಿದೆ. ನಾಸಾದ ಐಎಸ್‌ಇಇ-3 ನೌಕೆಯನ್ನು ಭೂಮಿ, ಚಂದ್ರ ಮತ್ತು ಸೂರ್ಯರ ನಡುವಿನ ಸೂಕ್ಷ್ಮ ಚಲನೆಯನ್ನು ಬಳಸಿಕೊಂಡು, ಚಂದ್ರನ ಬಳಿ ಐದು ಬಾರಿ ಹಾಯಿಸಿ, ಅಲ್ಪ ಇಂಧನದಲ್ಲಿಯೇ 1985ರ ಸೆಪ್ಟೆಂಬರಿನಲ್ಲಿ ಜಾಕೊಬಿನಿ-ಝಿನ್ನರ್ ಧೂಮಕೇತುವಿನ ಬಾಲದ ಮೂಲಕ ದಾಟಿಸಲಾಯಿತು. 'ಕೇಯಾಸ್ ನಿಯಂತ್ರಣ' ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ ನಡೆದ ಕೆಲಸವಿದು.

ಎರಡು ಕೇಯಾಸ್ ವ್ಯವಸ್ಥೆಗಳು ಒಂದೇ ಸಂಕೇತದ ಮೂಲಕ ಹೆಜ್ಜೆಗೆ ಹೆಜ್ಜೆ ಹೊಂದಿಕೊಳ್ಳಬಲ್ಲವು ಎಂದು ಪೆಕೋರಾ ಮತ್ತು ಕ್ಯಾರಲ್ 1990ರಲ್ಲಿ ತೋರಿಸಿದ ಮೇಲೆ ಗುಪ್ತ ಸಂವಹನದ ಆಸೆಗಳೂ ಮೊಳೆತವು. 2005ರಲ್ಲಿ ಅಥೆನ್ಸಿನ 120 ಕಿಲೋಮೀಟರ್ ವಾಣಿಜ್ಯ ಫೈಬರ್ ಜಾಲದಲ್ಲಿ ಇದರ ಪ್ರಯೋಗ ಯಶಸ್ವಿಯಾಯಿತು. ಆದರೂ ಕಡಿಮೆ ಆಯಾಮದ ಇಂತಹ ಹಲವು ಗುಪ್ತ ವಿಧಾನಗಳನ್ನು ಭೇದಿಸಲಾಗಿದೆ; ಸಂದೇಶವನ್ನು ಕೇಯಾಸ್‌ನಲ್ಲಿ ಮರೆಮಾಡಿದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ.

ಪ್ರಶ್ನೆ: ನನ್ನ ಬಳಿ ಇರುವ ದತ್ತಾಂಶದಲ್ಲಿ ಕೇಯಾಸ್ ಇದೆಯೇ ಎಂದು ತಿಳಿಯುವುದು ಹೇಗೆ?

ಒಂದೇ ಚರದ ಅಳತೆಯನ್ನು ವಿಳಂಬಗಳೊಂದಿಗೆ ಜೋಡಿಸಿ ಇಡೀ ಆಕರ್ಷಕವನ್ನು ಪುನರ್ರಚಿಸಬಹುದು ಎಂಬ ಟಾಕೆನ್ಸ್ ಪ್ರಮೇಯ 1981ರದ್ದು. ಆ ಪುನರ್ರಚನೆಯಿಂದ ಲ್ಯಾಪುನೋವ್ ಘಾತಾಂಕ ಅಥವಾ ಆಯಾಮವನ್ನು ಗಣಿಸಲು ಸಿದ್ಧ ಪ್ರೋಗ್ರಾಮುಗಳಿವೆ, ಮತ್ತು ಅಪಾಯ ಇರುವುದೂ ಅಲ್ಲಿಯೇ: ಏನನ್ನು ಕೊಟ್ಟರೂ ಅವು ಒಂದು ಸಂಖ್ಯೆಯನ್ನು ಹೊರಹಾಕುತ್ತವೆ. ನಿಧಾನವಾಗಿ ಏರಿಳಿಯುವ ಶುದ್ಧ ಗದ್ದಲವೂ ಸಣ್ಣ ಆಯಾಮದ ಆಕರ್ಷಕದಂತೆ ತೋರಬಲ್ಲದು ಎಂದು 1989ರಲ್ಲಿ ಆಸ್ಬೋರ್ನ್ ಮತ್ತು ಪ್ರೊವೆಂಜಾಲೆ ತೋರಿಸಿದ ಮೇಲೆ, ಅದಕ್ಕೆ ಮುಂಚಿನ ಅನೇಕ ಉತ್ಸಾಹದ ಘೋಷಣೆಗಳು ಸಂಶಯಕ್ಕೆ ಒಳಗಾದವು. ನಿಮ್ಮ ದತ್ತಾಂಶದ್ದೇ ರೋಹಿತವುಳ್ಳ (ಅಂದರೆ ಆವರ್ತನಗಳ ಹಂಚಿಕೆ ಒಂದೇ ಆಗಿರುವ) ಕೃತಕ ದತ್ತಾಂಶಗಳನ್ನು ತಯಾರಿಸಿ, ಅವುಗಳಿಗಿಂತ ನಿಮ್ಮ ದತ್ತಾಂಶ ಭಿನ್ನವಾಗಿದೆಯೇ ಎಂದು ಹೋಲಿಸದೆ ಯಾವ ತೀರ್ಮಾನಕ್ಕೂ ಬರಬಾರದು.

ಪ್ರಶ್ನೆ: ದೋಷಗಳು ಇಷ್ಟು ಬೇಗ ಬೆಳೆಯುವುದಾದರೆ ಕಂಪ್ಯೂಟರಿನ ಚಿತ್ರಗಳನ್ನು ನಂಬುವುದಾದರೂ ಹೇಗೆ?

ಸಂಖ್ಯೆಯನ್ನು ಇಮ್ಮಡಿಸಿ ಪೂರ್ಣಾಂಕ ಭಾಗವನ್ನು ಬಿಡುತ್ತ ಹೋಗುವ ಸರಳ ಮ್ಯಾಪ್ ಅನ್ನು ಕಂಪ್ಯೂಟರಿನ ಸಾಮಾನ್ಯ 64 ಬಿಟ್ ದ್ವಿಮಾನ (ಫ್ಲೋಟಿಂಗ್ ಪಾಯಿಂಟ್) ಗಣಿತದಲ್ಲಿ ನಡೆಸಿ ನೋಡಿ. ಗಣಿತದ ಪ್ರಕಾರ ಅದರಲ್ಲಿ ಕೇಯಾಸ್ ಇದೆ. ಯಂತ್ರದಲ್ಲಿ ಮಾತ್ರ ಪ್ರತಿ ಹೆಜ್ಜೆಗೂ ಒಂದು ಬಿಟ್ ಹೊರಬಿದ್ದು, ಐವತ್ತು ಚಿಲ್ಲರೆ ಹೆಜ್ಜೆಗಳಲ್ಲಿ ಉತ್ತರ ಸೊನ್ನೆಯಾಗಿ ಅಲ್ಲಿಯೇ ನಿಂತುಬಿಡುತ್ತದೆ. ಸಾಮಾನ್ಯವಾಗಿ ಪರಿಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ. ಎಷ್ಟೋ ವ್ಯವಸ್ಥೆಗಳಲ್ಲಿ ಕಂಪ್ಯೂಟರ್ ಕೊಟ್ಟ ಪಥದ ಪಕ್ಕದಲ್ಲಿಯೇ, ಸ್ವಲ್ಪ ಬೇರೆ ಆರಂಭವುಳ್ಳ ನಿಜವಾದ ಪಥವೊಂದು ದೀರ್ಘಕಾಲ ನೆರಳಿನಂತೆ ಸಾಗುತ್ತದೆ ಎಂದು ತೋರಿಸಲು ಸಾಧ್ಯ. ಲೊರೆಂಜ್ ಆಕರ್ಷಕ ನಿಜವಾಗಿಯೂ ಇದೆ ಎಂಬುದಕ್ಕೆ ವಾರ್ವಿಕ್ ಟಕ್ಕರ್ 1999ರಲ್ಲಿ ಗಣಿತದ ಸಾಧನೆ (ಪುರಾವೆ) ಕೊಟ್ಟಾಗ, ಕಂಪ್ಯೂಟರಿನ ಪ್ರತಿ ದುಂಡುಗೊಳಿಕೆಯ ದೋಷಕ್ಕೂ ಲೆಕ್ಕವಿಟ್ಟಿದ್ದರು.

ಪ್ರಶ್ನೆ: ಮಷಿನ್ ಲರ್ನಿಂಗ್ ಈ ಮಿತಿಗಳನ್ನು ದಾಟಿದೆಯೇ?

ದಾಟಿಲ್ಲ, ಆದರೆ ಮಿತಿಯ ಹತ್ತಿರಕ್ಕೆ ಬಂದಿದೆ. 2018ರಲ್ಲಿ ಪಾಠಕ್ ಮತ್ತು ಸಂಗಡಿಗರು ರಿಸರ್ವಾಯರ್ ಕಂಪ್ಯೂಟಿಂಗ್ ಎಂಬ ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್ ಬಳಸಿ, ಸಮೀಕರಣವನ್ನು ಕೊಡದೆ ದತ್ತಾಂಶದಿಂದಲೇ, ಕುರಾಮೊಟೊ-ಶಿವಾಶಿನ್ಸ್ಕಿ ಎಂಬ ಕೇಯಾಸ್ ವ್ಯವಸ್ಥೆಯ ನಡೆಯನ್ನು ಸುಮಾರು ಎಂಟು ಲ್ಯಾಪುನೋವ್ ಕಾಲಗಳವರೆಗೆ (ದೋಷ ಸುಮಾರು 2.7 ಪಟ್ಟಾಗಲು ಬೇಕಾದ ಕಾಲವೇ ಒಂದು ಲ್ಯಾಪುನೋವ್ ಕಾಲ) ಮುನ್ನುಡಿದರು. ನಿಯಂತ್ರಣದಲ್ಲಿ ಇಂತಹ ಮಾದರಿಗಳನ್ನು ಬಳಸುವಾಗ ಒಳ್ಳೆಯ ಮುನ್ಸೂಚನೆಗಿಂತ ಸ್ಥಿರತೆಯ ಸಾಬೀತು ಕಷ್ಟದ್ದು. ನ್ಯೂರಲ್ ನೆಟ್‌ವರ್ಕ್‌ಗೆ ಲ್ಯಾಪುನೋವ್ ಫಂಕ್ಷನ್ ಕಲಿಸಬಹುದು, ಅದು ನಿಗದಿತ ಪ್ರದೇಶದ ಪ್ರತಿಯೊಂದು ಬಿಂದುವಿನಲ್ಲೂ ಇಳಿಯುತ್ತದೆಯೇ ಎಂಬುದನ್ನು ಮಾತ್ರ ಬೇರೆಯಾಗಿಯೇ ಪರಿಶೀಲಿಸಬೇಕು.

ಪ್ರಶ್ನೆ: ಇನ್ನೂ ಬಗೆಹರಿಯದ ಪ್ರಶ್ನೆಗಳು ಯಾವುವು?

ಹೇಳಲು ಸರಳವಾದವುಗಳೇ ಹಲವು ಉಳಿದಿವೆ. ಘರ್ಷಣೆಯಿಲ್ಲದ ವ್ಯವಸ್ಥೆಗಳಲ್ಲಿ ಕೇಯಾಸ್‌ನ ಮಾದರಿಯೆನಿಸಿದ ಸ್ಟ್ಯಾಂಡರ್ಡ್ ಮ್ಯಾಪ್‌ನ ಕಂಪ್ಯೂಟರ್ ಚಿತ್ರಗಳಲ್ಲಿ ಕೇಯಾಸ್‌ನ ವಿಶಾಲ ಕಡಲೇ ಕಾಣುತ್ತದೆ, ಆದರೆ ಧನಾತ್ಮಕ ಲ್ಯಾಪುನೋವ್ ಘಾತಾಂಕವುಳ್ಳ ಬಿಂದುಗಳು ಅಲ್ಲಿ ಸೊನ್ನೆಯಲ್ಲದ ವಿಸ್ತೀರ್ಣವನ್ನು ತುಂಬುತ್ತವೆ ಎಂಬುದಕ್ಕೆ ಒಂದೇ ಒಂದು ನಿರ್ದಿಷ್ಟ ನಿಯತಾಂಕಕ್ಕೂ ಸಾಧನೆ ಇಲ್ಲ. ಮ್ಯಾಪ್‌ಗಳಂತೆ ಹೆಜ್ಜೆಹೆಜ್ಜೆಯಾಗಿ ಅಲ್ಲದೆ ನಿರಂತರವಾಗಿ ಸಾಗುವ, ಕಾಲದೊಂದಿಗೆ ಬದಲಾಗದ ಅವಕಲ ಸಮೀಕರಣಗಳಿಗೆ ಸಮತಲದಲ್ಲಿ ಕೇಯಾಸ್ ಸಾಧ್ಯವೇ ಇಲ್ಲವಾದರೂ ಪ್ರಶ್ನೆಗಳು ಮುಗಿದಿಲ್ಲ: ಎರಡು ಚರಗಳ, ಎರಡನೆಯ ಘಾತದ ಬಹುಪದಗಳಿಂದಾದ ಅವಕಲ ಸಮೀಕರಣಗಳಿಗೆ ಗರಿಷ್ಠ ಎಷ್ಟು ಒಂಟಿ ಆವರ್ತ ಪಥಗಳಿರಬಹುದು ಎಂದು ಹಿಲ್ಬರ್ಟ್ 1900ರಲ್ಲಿ ಮಂಡಿಸಿದ ಹದಿನಾರನೆಯ ಸಮಸ್ಯೆಯ ಒಂದು ಭಾಗ ಕೇಳುತ್ತದೆ. ನಾಲ್ಕು ಪಥಗಳಿರುವ ಉದಾಹರಣೆಗಳು 1980ರ ಹೊತ್ತಿಗೇ ಸಿಕ್ಕಿವೆ. ಎಲ್ಲ ವ್ಯವಸ್ಥೆಗಳಿಗೂ ಅನ್ವಯಿಸುವ ಒಂದು ಮೇಲ್ಮಿತಿ ಇದೆ ಎಂಬುದೂ ಇನ್ನೂ ಸಾಧಿತವಾಗಿಲ್ಲ.